ಗೆರೆಯೊಳಗೆ ಬಾಯಿ ಬಿಡದ ಹುಡುಗಿ

ಆ ವರ್ಷ ಜೂನ್‌ನಲ್ಲಿ ಶಾಲೆ ಶುರುವಾದಾಗ ನಮ್ಮ ಯು.ಕೆ.ಜಿ. ಕೋಣೆಯ ನೆಲದ ಮೇಲೆ ಬಿಳಿ ಪೇಂಟಿನ ದೊಡ್ಡದೊಂದು ವೃತ್ತ ಮೂಡಿತ್ತು. ರಜೆಯಲ್ಲಿ ಹೆಡ್‌ಮಾಸ್ಟರು ಪೇಂಟರನ್ನು ಹಿಡಿದು ತಂದು ಹಾಕಿಸಿದ್ದು. ಕೋಣೆ ಚಿಕ್ಕದು, ವೃತ್ತ ದೊಡ್ಡದು. ಮೂಲೆ ಬಿಟ್ಟರೆ ಉಳಿದ ನೆಲವೆಲ್ಲ ಗೆರೆಯೊಳಗೇ. ಮಕ್ಕಳು ಸುತ್ತ ಕೂತು ಕತೆ ಕೇಳಲಿ, ನಡುವೆ ಇಟ್ಟ ಸಾಮಾನು ಮುಟ್ಟಿ ನೋಡಿ ಕಲಿಯಲಿ ಎಂಬ ಉದ್ದೇಶ. ನಾನು ಮನೆಯಿಂದ ಒಂದು ಡಬ್ಬಿ ಹುಣಿಸೆ ಬೀಜ ತಂದು ನಡುವೆ ಗುಡ್ಡೆ ಹಾಕಿದೆ. ಎಣಿಸಲು, ಜೋಡಿಸಲು, ಅಕ್ಷರದ ಮೇಲೆ ಸಾಲಾಗಿ ಇಡಲು ಅದಕ್ಕಿಂತ ಒಳ್ಳೆಯ ಸಾಮಾನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

"ಎಲ್ಲಾರೂ ಚಪ್ಪಲಿ ಹೊರಗೆ ಬಿಟ್ಟು ಗೆರೆಯೊಳಗೆ ಬನ್ನಿ. ಬಾಯಿ ಮೇಲೆ ಬೆರಳು!" ಅಂದೆ. ಇದು ನಮ್ಮ ಕಡೆಯ ಟೀಚರುಗಳೆಲ್ಲ ಹೇಳುವ ಮಾತು. ಮಕ್ಕಳು ಬೆರಳು ಇಟ್ಟುಕೊಂಡಿದ್ದು ಸ್ವಲ್ಪ ಹೊತ್ತು, ಆಮೇಲೆ ಎಂದಿನಂತೆ ಸಂತೆ. ಒಬ್ಬಳು ಮಾತ್ರ ಬೆರಳು ತೆಗೆದರೂ ಬಾಯಿ ತೆಗೆಯಲಿಲ್ಲ. ಹೊಸ ಮಗು, ಒಂದು ವಾರ ಕಳೆದರೆ ಸರಿಹೋಗುತ್ತಾಳೆ ಅಂದುಕೊಂಡೆ.

ಅವಳ ನಿಜವಾದ ಹೆಸರು ಇಲ್ಲಿ ಬೇಡ. ಮನೆಯವರು ಪುಟ್ಟಿ ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ನಮ್ಮ ಶಾಲೆ ಇದ್ದದ್ದು ತಗಡೂರು ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ. ಅಪ್ಪ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದ, ಅಮ್ಮ ಗಾರ್ಮೆಂಟ್ಸ್‌ಗೆ. ಹಾಗಾಗಿ ಮಗು ಬೆಳೆದದ್ದು ಅಪ್ಪನ ತಾಯಿಯ ಕೈಯಲ್ಲಿ. ಅಜ್ಜಿಯೇ ತಲೆ ಬಾಚಿ, ಎರಡು ಜಡೆ ಹಾಕಿ, ಗೇಟಿನವರೆಗೆ ತಂದು ಬಿಟ್ಟು ಹೋಗುತ್ತಿದ್ದರು.

ನನಗೋ ಮಾತು ಜಾಸ್ತಿ. ನಂಜನಗೂಡಿನಿಂದ ಸ್ಕೂಟರಿನಲ್ಲಿ ಬರುವಾಗ ಎಮ್ಮೆ ಅಡ್ಡ ಬಂದರೆ ಅದರ ಹತ್ತಿರವೂ ಎರಡು ಮಾತಾಡಿ ಬರುವವಳು. ಅಂಥ ನನ್ನೆದುರು ಐದು ವರ್ಷದ ಹುಡುಗಿಯೊಂದು ದಿನಗಟ್ಟಲೆ ತುಟಿ ಬಿಚ್ಚದೆ ಕೂತರೆ ಹೇಗಾಗಬೇಡ? ಕತೆ ಹೇಳಿದರೆ ಕಣ್ಣರಳಿಸಿ ಕೇಳುತ್ತಾಳೆ. ಹಾಡು ಹೇಳಿಸಿದರೆ ಕೈ ಮಾತ್ರ ಆಡಿಸುತ್ತಾಳೆ. ಹೆಸರು ಕೇಳಿದರೆ ಹುಣಿಸೆ ಬೀಜ ನೋಡುತ್ತಾಳೆ. ಜುಲೈ ಮುಗಿಯುವ ಹೊತ್ತಿಗೆ ನನಗೆ ಅನುಮಾನ ಬಂತು. ಕಿವಿ ಕೇಳುವುದಿಲ್ಲವೋ ಏನೋ ಎಂದು ಬೆನ್ನ ಹಿಂದೆ ನಿಂತು ಗೆಜ್ಜೆ ಅಲ್ಲಾಡಿಸಿದೆ. ತಟ್ಟನೆ ತಿರುಗಿ ನಕ್ಕಳು.

ಗಾಯಕ್ಕೆ ಉಪ್ಪು ಸುರಿದವರು ಬಿಸಿಯೂಟದ ಅಕ್ಕ. "ಅಯ್ಯೋ ಮಿಸ್, ನನ್ ಅತ್ರ ಚೆಂದಾಗೇ ಮಾತಾಡ್ತದೆ. ನೆನ್ನೆ ಸಾರ್ಗೆ ಉಪ್ ಕಮ್ಮಿ ಅಂತು" ಅಂದರು. ಹೊರಗೆ ಜಗಲಿಯಲ್ಲಿ ನನಗೂ ಒಮ್ಮೊಮ್ಮೆ "ನೀರು", "ಜಡೆ ಬಿಚ್ಕತು" ಎಂದು ಒಂದೆರಡು ತುಣುಕು ದಕ್ಕುತ್ತಿದ್ದವು. ಇನ್ನೂ ಮಾತಾಡಿಸೋಣ ಎಂದು ಕೈಹಿಡಿದು ಒಳಗೆ ಕರೆತಂದು, ತೊಡೆಯ ಮೇಲೆ ಕೂರಿಸಿಕೊಂಡರೆ ಮುಗಿಯಿತು, ಬಾಯಿಗೆ ಬೀಗ. ಹಾಗಾದರೆ ಇದು ಹಟವೇ? ನನ್ನ ಮೇಲಿನ ಸಿಟ್ಟೇ? ಮಕ್ಕಳು ನನ್ನನ್ನು ಕಂಡರೆ ಓಡಿ ಬರುತ್ತವೆ ಎಂಬ ಜಂಬ ನನಗೆ ತುಸು ಇತ್ತು. ಆ ಜಂಬಕ್ಕೆ ಚೆನ್ನಾಗಿಯೇ ಪೆಟ್ಟು ಬಿತ್ತು.

ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ನಮಗೊಂದು ತರಬೇತಿ ಆಯಿತು. ಮಕ್ಕಳ ಓದು ಅಂದರೆ ಅಕ್ಷರ ಒಂದೇ ಅಲ್ಲ. ಚಿತ್ರ, ದನಿ, ಕೈಸನ್ನೆ, ವಸ್ತು, ಜಾಗ, ಕುಣಿತ ಎಲ್ಲದರಿಂದಲೂ ಮಗು ಅರ್ಥ ಮಾಡಿಕೊಳ್ಳುತ್ತದೆ, ಎಲ್ಲದರಿಂದಲೂ ಹೇಳುತ್ತದೆ ಎಂದು ಹೇಳಿಕೊಟ್ಟರು. ಅದಕ್ಕೆ ಅವರು ಕೊಟ್ಟ ಹೆಸರು ಬಹುವಿಧ ಸಾಕ್ಷರತೆ. ಹೆಸರು ಭಾರವಾಯಿತು, ನಾನು ಮನಸ್ಸಿನಲ್ಲಿ ಅದನ್ನು 'ಎಲ್ಲಾ ಥರದ ಓದು' ಎಂದು ಇಳಿಸಿಕೊಂಡೆ. ಬಸ್ಸಿನಲ್ಲಿ ವಾಪಸು ಬರುವಾಗ ತಲೆಯಲ್ಲಿ ಒಂದೇ ಯೋಚನೆ. ಬಾಯಿ ಬಿಡದಿದ್ದರೆ ಬೇಡ, ಪುಟ್ಟಿ ಬೇರೆ ಯಾವ ಕಡೆಯಿಂದಲಾದರೂ ಸಿಗಬೇಕು.

ಮೊದಲು ದನಿ ಕತೆ ಮಾಡಿದೆ. ಮಳೆಗೆ ಡಬ್ಬಿಯಲ್ಲಿ ರಾಗಿ ಅಲ್ಲಾಡಿಸುವುದು, ಎತ್ತಿನ ಹೆಜ್ಜೆಗೆ ತೆಂಗಿನ ಚಿಪ್ಪು ಬಡಿಯುವುದು, ಗಾಳಿಗೆ ಕಾಗದ ಬೀಸುವುದು. ನಾನು ಬಾಯಲ್ಲಿ ಕತೆ ಹೇಳುತ್ತ ಹೋದಂತೆ ಮಕ್ಕಳು ಸದ್ದು ಕೊಡಬೇಕು. ಪುಟ್ಟಿಗೆ ಚಿಪ್ಪು ಕೊಟ್ಟೆ. ಒಂದೇ ಒಂದು ಸಲ ಮೆಲ್ಲಗೆ ತಾಗಿಸಿ, ಗಾಬರಿಯಿಂದ ಸುತ್ತ ನೋಡಿ, ಚಿಪ್ಪನ್ನು ಲಂಗದ ಕೆಳಗೆ ಮುಚ್ಚಿಟ್ಟುಕೊಂಡಳು.

ಆಮೇಲೆ ನನ್ನ ಮೊಬೈಲಿನಲ್ಲಿ ಶಾಲೆಯ ನಲ್ಲಿ, ಬೇವಿನ ಮರ, ಅಡುಗೆಮನೆಯ ಒಲೆ ಎಲ್ಲದರ ಫೋಟೊ ತೆಗೆದು, ಒಬ್ಬೊಬ್ಬರಿಂದ ಒಂದೊಂದು ಮಾತು ಹೇಳಿಸಿ ರೆಕಾರ್ಡ್ ಮಾಡಿ ಕೇಳಿಸಿದೆ. ತಮ್ಮ ದನಿ ತಾವೇ ಕೇಳಿ ಮಕ್ಕಳು ಬಿದ್ದು ಬಿದ್ದು ನಕ್ಕವು. ಅವರು ಹೇಳಿದ್ದನ್ನೇ ಫೋಟೊದ ಕೆಳಗೆ ಬರೆದೆ, ಬೆರಳಿಟ್ಟು ಓದಿಸಿದೆ. ತಿಂಗಳೊಳಗೆ ಹತ್ತಾರು ಪದ ಗುರುತು ಹಿಡಿಯತೊಡಗಿದರು. ಈ ಕೆಲಸ ನನಗೇ ನಂಬಲಾಗದಷ್ಟು ಚೆನ್ನಾಗಿ ನಡೆಯಿತು. ಪುಟ್ಟಿಯ ರೆಕಾರ್ಡಿಂಗಿನಲ್ಲಿ ಮಾತ್ರ ಫ್ಯಾನಿನ ಸದ್ದು.

ದಾನಿಗಳು ಕೊಟ್ಟ ದೊಡ್ಡ ಟಿ.ವಿ. ಒಂದಿತ್ತು, ಅದನ್ನೂ ಹಾಕಿ ನೋಡಿದೆ. ಕುಣಿಯುವ ಅಕ್ಷರ ಕಂಡು ಎಲ್ಲರೂ ಬಾಯಿ ಬಿಟ್ಟುಕೊಂಡು ಕೂತರು. ಕೋಣೆಯಲ್ಲಿ ಮಾತಾಡುತ್ತಿದ್ದವರೂ ಸುಮ್ಮನಾದರು. ಒಬ್ಬಳನ್ನು ಮಾತಾಡಿಸಲು ಹೋಗಿ ಎಲ್ಲರ ಬಾಯಿ ಕಟ್ಟಿದ ಹಾಗಾಯಿತಲ್ಲ ಎಂದು ಟಿ.ವಿ.ಗೆ ಮುಸುಕು ಹಾಕಿದೆ.

ಉಳಿದದ್ದು ಚಿತ್ರ. ಇಲ್ಲಿ ಮಾತ್ರ ಪುಟ್ಟಿ ಸಿಕ್ಕಳು. ಕಾಗದ ಕೊಟ್ಟರೆ ಬೇರೆ ಬಣ್ಣಗಳನ್ನೆಲ್ಲ ಸರಿಸಿ ಬೂದು ಬಣ್ಣದ ಪೆನ್ಸಿಲನ್ನೇ ಹುಡುಕುತ್ತಿದ್ದಳು. ಬರೆಯುತ್ತಿದ್ದದ್ದು ದಿನಾ ಒಂದೇ. ದೊಡ್ಡ ದುಂಡು, ಅದರ ಮೈಮೇಲೆಲ್ಲ ಗೆರೆ, ನಡುವೆ ಪುಟ್ಟ ಉಂಡೆ, ಉಂಡೆಗೆ ಎರಡು ಮೂರು ಕೂದಲು. ನಾನು "ಆಹಾ, ಸೂರ್ಯ! ಸೂರ್ಯಂಗೆ ಜುಟ್ಟು ಬೇರೆ!" ಎಂದು ಗೋಡೆಗೆ ಅಂಟಿಸಿ, ಕೆಳಗೆ 'ಸೂರ್ಯ' ಎಂದು ಚೀಟಿ ಹಚ್ಚಿದೆ. ಮಾರನೇ ದಿನ ಚಿತ್ರ ಇತ್ತು, ಚೀಟಿ ಇರಲಿಲ್ಲ. ಮತ್ತೆ ಹಚ್ಚಿದೆ. ಮತ್ತೆ ಇಲ್ಲ. ಮೂರನೇ ಸಲ ಕಾದು ನೋಡಿದರೆ, ಪುಟ್ಟಿ ತುದಿಗಾಲಲ್ಲಿ ನಿಂತು ಉಗುರಿನಿಂದ ಚೀಟಿ ಕೀಳುತ್ತಿದ್ದಾಳೆ. ನನಗೆ ಸಿಟ್ಟು ಬಂತು. ನನ್ನ ಬರಹದ ಮೇಲೂ ಹಗೆಯೇ ನಿನಗೆ ಎಂದು ಗದರಿದೆ. ಅವಳು ಚೀಟಿಯನ್ನು ನನ್ನ ಕೈಗೇ ಕೊಟ್ಟು ಹೋದಳು.

ದಸರಾ ರಜೆ ಮುಗಿದ ವಾರದಲ್ಲಿ ಅಪ್ಪ ಅಮ್ಮ ಇಬ್ಬರೂ ಬಂದರು. ಅಜ್ಜಿ ಹಿಂದೆ ಕಂಬ ಹಿಡಿದು ನಿಂತಿದ್ದರು. ಅಮ್ಮನಿಗೆ ಬಂದ ಕೋಪ ನ್ಯಾಯವಾದದ್ದೇ.

"ಮಿಸ್, ಮನೇಲಿ ಇವ್ಳ್ ಬಾಯ್ ಮುಚ್ಚಿದ್ದೇ ಇಲ್ಲ. ಕೋಳಿ ಜೊತೆನೂ ಮಾತಾಡ್ತಳೆ. ಇಲ್ಲಿಗ್ ಬಂದ್ರೆ ಮಾತೇ ಆಡಲ್ಲ ಅಂತೀರಿ. ನೀವೇನಾರ ಒಡ್ದಿದ್ದೀರಾ? ಎದುರ್ಸಿದ್ದೀರಾ? ನಿಜ ಏಳಿ."

"ಇಲ್ಲಮ್ಮ, ನನ್ನ ಮಕ್ಕಳಾಣೆ ಮೈ ಮುಟ್ಟಿಲ್ಲ" ಅಂದೆ. ಪಕ್ಕದಲ್ಲಿದ್ದ ಹೆಡ್‌ಮಾಸ್ಟರು ನನ್ನ ಪರವಾಗಿ ಏನೋ ಹೇಳಹೋದರು. ಅಪ್ಪ ಕೈಯೆತ್ತಿ ತಡೆದ. ಗಲಾಟೆಯ ಮನುಷ್ಯನಲ್ಲ, ಸಮಾಧಾನವಾಗಿಯೇ ಮಾತಾಡಿದ.

"ಬೇಜಾರ್ ಮಾಡ್ಕಬೇಡಿ ಸಾ. ನಮ್ ಭಾಮೈದ ನರಸೀಪುರ್ದಲ್ಲಿ ಅವ್ನೆ. ಅವ್ನ್ ಮಕ್ಳು ಅಲ್ಲೇ ಕಾನ್ವೆಂಟ್‌ಗ್ ಓಯ್ತವೆ. ಇವ್ಳನ್ನೂ ಅವ್ನ್ ಮನೇಲೇ ಬುಡ್ತೀನಿ. ಸಂಕ್ರಾಂತಿ ಕಳೀಲಿ, ಸೇರಿಸ್ಕತೀವಿ ಅಂತ ಕಾನ್ವೆಂಟ್‌ನವ್ರೇ ಏಳವ್ರೆ. ಇಲ್ಲಿ ಬೀಜದಾಟ ಆಡ್ಸದು, ಚಿತ್ರ ಬರ್ಸದು, ಫೋಟೊ ತೆಗ್ಯದು. ನನ್ ಮಗ್ಳು ಮಾತೇ ಮರ್ತೋದ್ರೆ ಏನ್ ಮಾಡ್ಲಿ ನಾನು?"

ಅವರು ಹೊರಟ ಮೇಲೆ ಅಜ್ಜಿ ಒಂದು ಹೆಜ್ಜೆ ಹಿಂದೆ ಉಳಿದು ನನ್ನ ತೋಳು ಹಿಡಿದುಕೊಂಡರು. "ಏನಾರ ಮಾಡು ಕಣವ್ವ. ಅದ್ನ ನರಸೀಪುರುಕ್ ಕಳಿಸ್ಬುಟ್ರೆ ಬೆಳಿಗ್ಗೆ ಎದ್ದು ನಾನ್ ಯಾರ್ ತಲೆ ಬಾಚ್ಲಿ?" ಅಂದರು. ಮನೆಯಲ್ಲಿ ಎಲ್ಲರೂ ಅವರನ್ನೇ ಬಯ್ಯುತ್ತಿದ್ದರಂತೆ, ಅಜ್ಜಿ ಮುದ್ದು ಮಾಡಿ ಕೆಡಿಸಿದಳು ಎಂದು. ಅವರು ಹೋಗಿ ನಂಜುಂಡೇಶ್ವರನ ಗುಡಿಯಿಂದ ದಾರ ತಂದು ಮೊಮ್ಮಗಳ ಕೈಗೆ ಕಟ್ಟಿದ್ದರು. ನನಗೂ ಒಂದು ಕಟ್ಟಿ ಎನ್ನಬೇಕೆನಿಸಿತು.

ಸಂಕ್ರಾಂತಿಗೆ ಎರಡು ಮೂರು ತಿಂಗಳಿತ್ತು. ಅಷ್ಟರೊಳಗೆ ಪುಟ್ಟಿ ಕ್ಲಾಸಿನಲ್ಲಿ ಬಾಯಿ ಬಿಡಬೇಕು, ಅದನ್ನು ಅವಳಪ್ಪ ಕಿವಿಯಾರೆ ಕೇಳಬೇಕು. ಇಲ್ಲದಿದ್ದರೆ ಮಗು ನರಸೀಪುರಕ್ಕೆ. ನಾನು ದಿನಾ ಬೆಳಿಗ್ಗೆ ಸ್ಕೂಟರ್ ಏರುವಾಗ ಇದೇ ಲೆಕ್ಕ. ಕಾರ್ತಿಕ ಕಳೆಯಿತು. ಪುಟ್ಟಿ ಬೂದು ಪೆನ್ಸಿಲು ಸವೆಸಿ ಹೊಸದು ತೆಗೆದಳು.

ಡಿಸೆಂಬರಿನಲ್ಲಿ ಒಂದು ದಿನ ಊಟ ಮುಗಿದ ಮೇಲೆ ನಾನು ಕಂಬದ ಮರೆಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದೆ. ಆಚೆ ನಲ್ಲಿಯ ಹತ್ತಿರ ಪುಟ್ಟಿ ಒಬ್ಬಳೇ ಕುಕ್ಕರಗಾಲಲ್ಲಿ ಕೂತು, ಡಬ್ಬಿಯ ಮುಚ್ಚಳದಿಂದ ಮರಳು ಅಳೆದು ಪ್ಲಾಸ್ಟಿಕ್ ಚೀಲಕ್ಕೆ ಸುರಿಯುತ್ತಿದ್ದಳು. ಜೊತೆಗೆ ಎಣಿಸುತ್ತಿದ್ದಳು, ಸ್ಪಷ್ಟವಾಗಿ, ಗಟ್ಟಿಯಾಗಿ.

"ಲಾಭ... ಎರಡು... ಮೂರು... ನಾಕು..."

ಅವಳ ದನಿ ಅಷ್ಟು ಹೊತ್ತು ಕೇಳಿದ್ದು ಅದೇ ಮೊದಲು. ಆ ಖುಷಿಯಲ್ಲಿ ಮೊದಲು ಏನೂ ಹೊಳೆಯಲಿಲ್ಲ. ಆಮೇಲೆ ಮೆಲ್ಲಗೆ ಹೊಳೆಯಿತು, ಇವಳು ಒಂದು ಎನ್ನಲಿಲ್ಲ, ಲಾಭ ಅಂದಳು.

ನನ್ನ ತಾಯಿಯ ತವರು ಚಿಕ್ಕಯ್ಯನಛತ್ರದ ಕಡೆ. ನಾನು ಇಷ್ಟೇ ಚಿಕ್ಕವಳಿದ್ದಾಗ ಸುಗ್ಗಿಗೆ ಅಲ್ಲಿಗೆ ಹೋಗಿದ್ದೆ. ಕಣದಲ್ಲಿ ರಾಗಿ ರಾಶಿ ಮಾಡಿ ಸೋದರಮಾವ ಕೊಳಗದಿಂದ ಅಳೆಯುತ್ತಿದ್ದರು. ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಆಮೇಲೆ ಎರಡು, ಮೂರು. ನನಗದು ತಮಾಷೆ ಅನಿಸಿ "ಮಾವ, ಒಂದು ಎಲ್ಲಿ ಹೋಯ್ತು?" ಎಂದು ಕೂಗಿದ್ದೆ. ತಲೆಯ ಮೇಲೆ ಟಣ್ ಎಂದು ಒಂದು ಬಿದ್ದಿತ್ತು. ಬಿದ್ದದ್ದು ಲೆಕ್ಕ ಕೇಳಿದ್ದಕ್ಕಲ್ಲ, ಕಣದಲ್ಲಿ ಮಾತಾಡಿದ್ದಕ್ಕೆ. ರಾಶಿ ಅಳೆದು ಮುಗಿಯುವವರೆಗೆ ಕಣದೊಳಗೆ ಯಾರೂ ಮಾತಾಡಬಾರದು, ಅಳೆಯುವವನ ಎಣಿಕೆ ಬಿಟ್ಟರೆ ಬೇರೆ ಸದ್ದು ಇರಬಾರದು, ಕಾಲಲ್ಲಿ ಚಪ್ಪಲಿ ಇರಬಾರದು. ಇದ್ದರೆ ರಾಶಿ ಹುಲುಸಾಗುವುದಿಲ್ಲ.

ನಾನು ಕೋಣೆಯ ಬಾಗಿಲಿಗೆ ಹೋಗಿ ನಿಂತು ನೆಲ ನೋಡಿದೆ. ದುಂಡನೆಯ ಬಿಳಿ ಗೆರೆ. ಗೆರೆಯ ಹೊರಗೆ ಸಾಲಾಗಿ ಚಪ್ಪಲಿ. ನಡುವೆ ಹುಣಿಸೆ ಬೀಜದ ರಾಶಿ. ಅದರ ಮೇಲೆ ನಾನೇ ಹೇಳಿದ ಮಾತು, ಬಾಯಿ ಮೇಲೆ ಬೆರಳು. ನನಗೆ ನಗು ಬಂತು, ಅಳುವೂ ಬಂತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನನ್ನ ಪಾಡು.

ಆದರೂ ಊಹೆ ಊಹೆಯೇ. ಶನಿವಾರ ಶಾಲೆ ಬಿಟ್ಟ ಮೇಲೆ ಅಜ್ಜಿಯ ಹೊಲಕ್ಕೆ ಹೋದೆ. ಊರಿನವರೆಲ್ಲ ರಾಗಿಯನ್ನು ಟಾರು ರಸ್ತೆಗೆ ಹರಡಿ ಬಸ್ಸು ಲಾರಿಗಳ ಕೈಯಲ್ಲಿ ಒಕ್ಕಣೆ ಮಾಡಿಸುತ್ತಿದ್ದರು. ಅಜ್ಜಿಯೊಬ್ಬರು ಮಾತ್ರ ಹೊಲದ ಮೂಲೆಯಲ್ಲಿ ನೆಲ ಕೆತ್ತಿ, ಸಗಣಿ ಸಾರಿಸಿ ಕಣ ಮಾಡಿದ್ದರು. "ರೋಡಲ್ ಒಕ್ಕುದ್ರೆ ಮುದ್ದೇಲಿ ಕಲ್ ಕಡೀಬೇಕಾಯ್ತದೆ" ಎಂಬುದು ಅವರ ವಾದ. ಬೇರೆ ಮಕ್ಕಳಿಗೆ ಕಣ ಗೊತ್ತಿಲ್ಲ, ಪುಟ್ಟಿಗೆ ಗೊತ್ತು; ಅದೂ ಅಲ್ಲಿ ಸ್ಪಷ್ಟವಾಯಿತು.

ರಾಶಿ ತಯಾರಾಗಿತ್ತು, ಅಳೆಯುವುದು ಮಾರನೇ ದಿನ. ರಾತ್ರಿ ಯಾರೂ ಕೈ ಹಾಕಬಾರದೆಂದು ರಾಶಿಯ ಮೈಮೇಲೆಲ್ಲ ಬೂದಿಯಲ್ಲಿ ಗೆರೆ ಎಳೆದಿದ್ದರು. ನೆತ್ತಿಯ ಮೇಲೆ ಸಗಣಿ ಉಂಡೆಯ ಬೆನಕ, ಬೆನಕನಿಗೆ ಎರಡು ಮೂರು ಎಳೆ ಗರಿಕೆ. ನಾನು ನೋಡುತ್ತ ನಿಂತುಬಿಟ್ಟೆ. ನಮ್ಮ ಗೋಡೆಯ ಮೇಲೆ ಜುಟ್ಟು ಬಿಟ್ಟುಕೊಂಡು ಕೂತಿದ್ದ ಸೂರ್ಯ ಇಲ್ಲಿದ್ದ! ಪಾಪ, ಆ ಮಗು ನನ್ನ ತಪ್ಪು ಚೀಟಿಯನ್ನು ಎಷ್ಟು ಸಲ ಕಿತ್ತು ಕೈಗೆ ಕೊಟ್ಟಿತ್ತು.

ಪುಟ್ಟಿ ಕಣದ ಆಚೆ ತುದಿಯಲ್ಲಿ ಕೂತಿದ್ದಳು. ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು. ನಾನು ಚಪ್ಪಲಿ ಬಿಟ್ಟೆ. "ಅಜ್ಜಿ, ಇಲ್ಲಿ..." ಎಂದು ಶುರು ಮಾಡಿದ್ದೇ ತಡ, ಅಜ್ಜಿ ಕೈಹಿಡಿದು ಕಣದಿಂದ ಆಚೆ ಎಳೆದುಕೊಂಡು ಹೋದರು. "ಈಗ್ ಏಳವ್ವ, ಏನು?"

ನಾನು ಎಲ್ಲ ಹೇಳಿದೆ. ಅವರಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಅವರು ಉರಿದುಬಿದ್ದರು.

"ಇಸ್ಕೂಲ್ನಲ್ಲಿ ಯಾರವ್ವ ರಾಸಿ ಮಾಡ್ತರೆ? ನೀವೇ ಗೆರೆ ಆಕಿ, ನೀವೇ ಬಾಯ್ ಮುಚ್ಚು ಅಂದು, ಈಗ್ ನನ್ ತಲೆಗ್ ಕಟ್ಟಕ್ ಬಂದಿದ್ದೀಯಾ? ಮನೇಲಿ ಇರೋವ್ರು ಅನ್ನದು ಸಾಲ್ದಾ?"

"ನಿಮ್ಮ ತಪ್ಪು ಅಂತಲ್ಲ ಅಜ್ಜಿ. ನಿಮ್ಮ ಮಗು ನೀವು ಹೇಳಿದ್ದನ್ನೂ ಮರೆತಿಲ್ಲ, ನಾನು ಹೇಳಿದ್ದನ್ನೂ ಮರೆತಿಲ್ಲ" ಅಂದೆ. ಅಜ್ಜಿ ಸೆರಗಿನಿಂದ ಮೂಗೊರೆಸಿಕೊಂಡು, "ಓಗ್ಲಿ, ಮಜ್ಜಿಗೆ ಕುಡ್ದು ಓಗು" ಅಂದರು.

ಸೋಮವಾರ ಹೆಡ್‌ಮಾಸ್ಟರಿಗೆ ಹೇಳಿದಾಗ ಅವರು ಕುರ್ಚಿಯಿಂದಲೇ ಎದ್ದರು. "ಇಷ್ಟೇನಾ? ನಾಳೇನೇ ಪೇಂಟರನ್ನ ಕರೆಸಿ ಗೆರೆ ಕೆರೆಸಿಬಿಡೋಣ ಮೇಡಂ." ನನಗೂ ಅದೇ ಸರಿ ಅನಿಸಿತು. ಆದರೆ ಅದಕ್ಕೆ ಮುಂಚೆ ಪುಟ್ಟಿಯನ್ನೇ ಒಂದು ಮಾತು ಕೇಳೋಣ ಎಂದು ಜಗಲಿಗೆ ಕರೆದೆ. ಪಕ್ಕ ಕೂರಿಸಿಕೊಂಡು, ಒಳಗಿನ ಗೆರೆ ತೋರಿಸಿ, "ಪುಟ್ಟಿ, ಇದು ಕಣ ಅಲ್ಲ ಕಣೇ. ನಮ್ಮ ಕ್ಲಾಸು. ಇಲ್ಲಿ ಮಾತಾಡಬಹುದು" ಅಂದೆ.

ಅವಳು ನನ್ನನ್ನು ಕನಿಕರದಿಂದ ನೋಡಿದಳು.

"ಇನ್ನೂ ಅಳ್ದೇ ಇಲ್ವಲ್ಲ ಮಿಸ್."

ನಿಜ. ನಾನು ದಿನಾ ಬೆಳಿಗ್ಗೆ ಬೀಜ ರಾಶಿ ಹಾಕುತ್ತಿದ್ದೆ, ಸಂಜೆ ಬಾಚಿ ಡಬ್ಬಿಗೆ ಸುರಿಯುತ್ತಿದ್ದೆ. ಅಳೆಯುತ್ತಲೇ ಇರಲಿಲ್ಲ. ಈ ಹುಡುಗಿ ಜೂನ್‌ನಿಂದ ನನ್ನ ರಾಶಿ ಮುಗಿಯಲಿ ಎಂದು ಕಾಯುತ್ತ ಕೂತಿದ್ದಾಳೆ! ಗೆರೆ ಕೆರೆಸಿದರೆ ಅವಳ ಪಾಲಿಗೆ ಅಳೆಯದ ರಾಶಿಯನ್ನು ಯಾರೋ ಎತ್ತಿಕೊಂಡು ಹೋದ ಹಾಗೆ. ಆಗ ನಾನು ತೀರ್ಮಾನ ಮಾಡಿದೆ, ಗೆರೆ ಅಳಿಸುವುದು ಬೇಡ, ಮಾತಾಡು ಎಂದು ಒತ್ತಾಯ ಮಾಡುವುದೂ ಬೇಡ. ನಾವೇ ರಾಶಿ ಅಳೆದು ಮುಗಿಸೋಣ. ಹೆಡ್‌ಮಾಸ್ಟರು ಗಲ್ಲ ಕೆರೆದುಕೊಂಡರು. "ಸಂಕ್ರಾಂತಿ ಹತ್ರ ಬಂತು. ಅವರಪ್ಪ ಬಂದು ಟಿ.ಸಿ. ಕೇಳಿದರೆ ನಾನು ಇಲ್ಲ ಅನ್ನೋ ಹಾಗಿಲ್ಲ, ನೆನಪಿರಲಿ" ಅಂದರು.

ಮಾರನೇ ದಿನವೇ ಶುರು ಮಾಡಿದೆ. ಅಡುಗೆಮನೆಯಿಂದ ಅಕ್ಕಿ ಅಳೆಯುವ ಪಾವು ತಂದೆ, ಬೀಜ ತುಂಬಲು ಬಟ್ಟೆಯ ಚೀಲ ತಂದೆ. ಯಾರೂ ಮಾತಾಡಬಾರದು ಎಂದು ಹೇಳಿ ಅಳೆಯಲು ಕೂತೆ. ಎರಡು ಪಾವು ಅಳೆಯುವಷ್ಟರಲ್ಲಿ ಒಬ್ಬ ಪುಣ್ಯಾತ್ಮ ಎದ್ದು ನಿಂತು, "ಮಿಸ್, ಉಚ್ಚೇ!" ಎಂದು ಕಿರುಚಿದ. ಎಲ್ಲರೂ ಹೋ ಎಂದು ನಕ್ಕರು. ಪುಟ್ಟಿ ಎದ್ದು ಬಂದು, ಅಳೆದ ಬೀಜವನ್ನೆಲ್ಲ ಚೀಲದಿಂದ ಮತ್ತೆ ರಾಶಿಗೆ ಸುರಿದು ಹೋಗಿ ಕೂತಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಮರುದಿನವೂ ಅಷ್ಟೇ, ಇನ್ನೊಬ್ಬಳಿಗೆ ಸೀನು, ಮತ್ತೊಬ್ಬನಿಗೆ ಇರುವೆ. ಮತ್ತೆ ಎಲ್ಲ ರಾಶಿಗೆ.

ಮಾತಿಲ್ಲದೆ ಇರುವುದನ್ನು ಮೊದಲು ಕಲಿಸಬೇಕು ಎಂದು ಗೊತ್ತಾಯಿತು. ಎಲ್ಲರೂ ಸೇರಿ ಸನ್ನೆ ಹುಡುಕಿದೆವು. ನೀರಿಗೆ ಹೆಬ್ಬೆರಳು ಬಾಯಿಗೆ, ಹೊರಗೆ ಹೋಗಲು ಕಿರುಬೆರಳು, ಸರಿದು ಕೂರಲು ಅಂಗೈ ಬೀಸುವುದು, ಕಿತಾಪತಿ ಮಾಡುವವನಿಗೆ ಕಣ್ಣು ದೊಡ್ಡದು ಮಾಡುವುದು. ಪ್ರತಿ ಸನ್ನೆಗೂ ಮಕ್ಕಳೇ ಚಿತ್ರ ಬರೆದರು, ನಾನು ಕೆಳಗೆ ಪದ ಬರೆದು ಗೋಡೆಗೆ ಹಚ್ಚಿದೆ. ಈ ಕೆಲಸಕ್ಕೆ ಪುಟ್ಟಿಯೇ ಮುಂದಾಳು. ಸನ್ನೆಯಲ್ಲಿ ಅವಳಷ್ಟು ಪಳಗಿದವರು ಯಾರಿದ್ದರು? ಮಕ್ಕಳು ಅವಳ ಕೈ ನೋಡಿ ಕಲಿತರು, ಚಿತ್ರ ನೋಡಿ ಓದಿದರು. ನಾನು ಆ ಹಳೆಯ ಚಿತ್ರದ ಕೆಳಗೆ ಹೊಸ ಚೀಟಿ ಹಚ್ಚಿದೆ. 'ರಾಶಿ' ಎಂದು ಓದಿ ಹೇಳಿದೆ. ಅವಳು ಅಕ್ಷರದ ಮೇಲೆ ಬೆರಳಾಡಿಸಿದಳು. ಆ ಚೀಟಿ ಇವತ್ತಿಗೂ ಅಲ್ಲೇ ಇದೆ.

ಸಂಕ್ರಾಂತಿ ರಜೆಗೆ ಮುಂಚಿನ ದಿನ ಬಂತು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಶಾಲೆಗೇ ಬರುತ್ತೇನೆ ಎಂದು ಪುಟ್ಟಿಯ ಅಪ್ಪ ಹೆಡ್‌ಮಾಸ್ಟರಿಗೆ ಫೋನ್ ಮಾಡಿದ್ದ. ಯಾಕೆಂದು ಕೇಳಬೇಕಾಗಿರಲಿಲ್ಲ. ಆದರೂ ಬೀಜ ಸುರಿದೆ. ಪುಟ್ಟಿ ಒಲೆಯ ಬೂದಿ ತಂದು ರಾಶಿಗೆ ಗೆರೆ ಎಳೆದಳು, ಗರಿಕೆ ಸಿಕ್ಕಿಸಿದಳು. ಮಕ್ಕಳು ಚಪ್ಪಲಿ ಸಾಲಾಗಿ ಬಿಟ್ಟು ಬಂದು ಕೂತರು. ಕೋಣೆ ತಣ್ಣಗಾ‌ಯಿತು.

ನಾನು ಪಾವು ತುಂಬಿ ಎತ್ತಿ, ಅಭ್ಯಾಸ ಬಲದಿಂದ, "ಒಂದು" ಅಂದೆ.

ಪುಟ್ಟಿ ದಡಬಡ ಎದ್ದು ಬಂದು ಬೂದಿಯ ಕೈಯಿಂದ ನನ್ನ ಬಾಯಿ ಮುಚ್ಚಿದಳು. ಅಷ್ಟೆಲ್ಲ ಗೊತ್ತಿದ್ದೂ ನಾನು ತಪ್ಪಿದ್ದೆ. ತುಟಿಯ ಮೇಲೆ ಬೂದಿ, ಎದುರಿಗೆ ಅವಳ ಕೋಪದ ಮುಖ. ಆಗ ನನಗೆ ಹೊಳೆಯಿತು. ಕಣದಲ್ಲಿ ಮಾತಾಡಲು ಒಬ್ಬರಿಗೆ ಅಪ್ಪಣೆ ಇದೆ, ಅಳೆಯುವವರಿಗೆ. ನಾನು ಪಾವನ್ನು ಅವಳ ಕೈಗೆ ಕೊಟ್ಟು, ಎದ್ದು ಹೋಗಿ ಮಕ್ಕಳ ಸಾಲಿನಲ್ಲಿ ಅವಳ ಜಾಗದಲ್ಲಿ ಕೂತೆ.

ಅವಳು ಪಾವು ಹಿಡಿದು ನಿಂತಳು. ಗೋಡೆ ನೋಡಿದಳು, ರಾಶಿ ನೋಡಿದಳು. ಅಜ್ಜಿಯ ಹಾಗೆ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಳು. ಬೀಜ ತುಂಬಿದಳು, ಅಂಗೈಯಿಂದ ಪಾವಿನ ತಲೆ ಸವರಿದಳು, ಚೀಲಕ್ಕೆ ಸುರಿದಳು.

"ಲಾಭ."

ದನಿ ಚಿಕ್ಕದಿತ್ತು, ಆದರೆ ಕೋಣೆಯ ಮೂಲೆಯವರೆಗೂ ಕೇಳಿತು. ನನ್ನ ಪಕ್ಕದ ಹುಡುಗ ಕಣ್ಣು ದೊಡ್ಡದು ಮಾಡಿ ನನ್ನನ್ನು ನೋಡಿದ. ನಾನು ಬಾಯಿ ಮೇಲೆ ಬೆರಳಿಟ್ಟುಕೊಂಡೆ.

"ಎರಡು. ಮೂರು."

ಎಣಿಸುತ್ತ ಎಣಿಸುತ್ತ ದನಿ ದೊಡ್ಡದಾಯಿತು. ಒಬ್ಬರೂ ಉಸಿರೆತ್ತಲಿಲ್ಲ, ಉಚ್ಚೆಯ ಹುಡುಗನೂ ಕಿರುಬೆರಳು ಎತ್ತಿ ಮತ್ತೆ ತಾನೇ ಮಡಿಸಿಕೊಂಡ. ರಾಶಿ ಕರಗಿತು. ಕೊನೆಯ ಬೀಜಗಳನ್ನು ಬೆರಳಿನಿಂದ ಹೆಕ್ಕಿ ಚೀಲಕ್ಕೆ ಹಾಕಿದಳು, ಕೈಯಿಂದ ನೆಲ ಗುಡಿಸಿದಳು, ಚೀಲದ ಬಾಯಿ ತಿರುಚಿ ಮೂಲೆಗೆ ಎಳೆದುಕೊಂಡು ಹೋಗಿ ಇಟ್ಟಳು. ವಾಪಸು ಬರುವಾಗ ಬಾಗಿಲಿನಲ್ಲಿ ಅಪ್ಪ ಕಂಡ. ಕಾರ್ಖಾನೆಯ ನೀಲಿ ಯೂನಿಫಾರಂ, ಕಾಲಲ್ಲಿ ದಪ್ಪ ಬೂಟು. ಅವನು ಬಂದು ಎಷ್ಟು ಹೊತ್ತಾಗಿತ್ತೋ. ಪಕ್ಕದಲ್ಲಿ ಹೆಡ್‌ಮಾಸ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು.

ಅಪ್ಪ ಮಗಳ ಕಡೆ ಎರಡು ಹೆಜ್ಜೆ ಇಟ್ಟ. ಒಂದು ಬೂಟು ಗೆರೆ ದಾಟಿತು.

"ಅಪ್ಪಾ! ಬೂಟ್ಸು!" ಇಡೀ ಶಾಲೆಗೆ ಕೇಳುವಂತೆ ಪುಟ್ಟಿ ಕೂಗಿದಳು. "ಕಣದೊಳಕ್ ಬೂಟ್ಸ್ ಆಕ್ಕಂಡ್ ಬತ್ತರಾ? ಅಜ್ಜಿ ಏಳಿಲ್ವಾ ನಿಂಗೆ?"

ಅವನು ಹಾಗೇ ನಿಂತ, ಆಮೇಲೆ ಕಾಲು ಹಿಂದಕ್ಕೆ ತೆಗೆದುಕೊಂಡ. ಬಾಗಿಲಿನಲ್ಲೇ ಕುಕ್ಕರಿಸಿ ದಾರ ಬಿಚ್ಚತೊಡಗಿದ. ಗಂಟು ಬಿಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯಿತು, ಕಣ್ಣು ಮಂಜಾಗಿತ್ತು ಅಂತ ಕಾಣುತ್ತದೆ. ಬರಿಗಾಲಿನಲ್ಲಿ ಎದ್ದು ನಿಂತು ಕೇಳಿದ, "ಈಗ್ ಬರ್ಬೋದಾ?"

ಪುಟ್ಟಿ ಕೋಣೆಯ ನಡುವೆ ನೋಡಿದಳು. ನೆಲ ಖಾಲಿಯಿತ್ತು.

"ಬಾ. ರಾಸಿ ಎತ್ತಾಯ್ತು. ಈಗ್ ಎಲ್ಲಾರೂ ಮಾತಾಡ್ಬೋದು."

ಎಲ್ಲರೂ ಮಾತಾಡಿದರು, ಒಟ್ಟಿಗೆ. ಅಷ್ಟು ಸದ್ದಿನ ಕ್ಲಾಸನ್ನು ನಾನು ಎಂದೂ ಕಂಡಿರಲಿಲ್ಲ, ಅಷ್ಟು ಇಷ್ಟಪಟ್ಟೂ ಇರಲಿಲ್ಲ. ಎದೆಯ ಮೇಲಿಂದ ಬೀಸುಕಲ್ಲು ಇಳಿದ ಹಾಗಾಗಿತ್ತು. ಬೂದಿ ಮೆತ್ತಿದ ಮುಖದಲ್ಲೇ ನಕ್ಕೆ, ಅತ್ತೆ, ಯಾರಿಗೂ ಮರೆಮಾಡಲಿಲ್ಲ. ಅಪ್ಪ ಮಗಳ ಪಕ್ಕ ನೆಲದ ಮೇಲೆ ಕೂತಿದ್ದ. ಅವಳು ಗೋಡೆಯ ಸನ್ನೆಗಳನ್ನೆಲ್ಲ ಒಂದೊಂದಾಗಿ ತೋರಿಸಿ, ಚೀಟಿಯ ಮೇಲೆ ಬೆರಳಿಟ್ಟು ಓದಿ ಹೇಳುತ್ತಿದ್ದಳು. ನೀರು, ಹೊರಗೆ, ಸರಿ, ಸುಮ್ನಿರು. ಕೊನೆಗೆ ತನ್ನ ಚಿತ್ರದ ಹತ್ತಿರ ಕರೆದೊಯ್ದು, "ಇದು ನಮ್ಮುದು. ರಾಶಿ" ಅಂದಳು.

ಹೊರಡುವಾಗ ಹೆಡ್‌ಮಾಸ್ಟರು ಜಗಲಿಯಲ್ಲಿ ಮೆಲ್ಲಗೆ ಕೇಳಿದರು, "ಏನಪ್ಪ, ನರಸೀಪುರದ ವಿಚಾರ ಏನ್ ಮಾಡಿದೆ?"

"ಬುಡಿ ಸಾ ಅತ್ಲಾಗಿ" ಅಂದ. "ಮೊದ್ಲು ಓಗಿ ನಮ್ಮವ್ವುಂಗ್ ಏಳ್ಬೇಕು." ಕೈಯಲ್ಲಿ ಬೂಟು ಹಿಡಿದವನು ಅದನ್ನು ಮರೆತೇ ಬಿಟ್ಟಿದ್ದ. ಬರಿಗಾಲಲ್ಲಿ ದಾಪುಗಾಲು ಹಾಕುತ್ತ, ಜಲ್ಲಿಕಲ್ಲಿನ ಮೇಲೆ ಕಾಲು ಎತ್ತೆತ್ತಿ ಇಡುತ್ತ ಗೇಟಿನವರೆಗೆ ಹೋದ.

ಕೋಣೆಯ ನಟ್ಟನಡುವೆ, ಬಿಳಿ ಗೆರೆಯೊಳಗೆ ನಿಂತು ಪುಟ್ಟಿ ಕೂಗಿದಳು.

"ಅಪ್ಪಾ, ಈಗ್ ಆಕ್ಕೊ! ಬೂಟ್ಸು ಈಗ್ ಆಕ್ಕೊ!"